ಹೊಸ ಕಮೋಡ್ ಆರಿಸಿದ ದಿನ

2025 ಮಾರ್ಚ್ 16, ಭಾನುವಾರ
ಬೆಂಗಳೂರು

ಇವತ್ತು ಕೊನೆಗೂ ಕಮೋಡ್ ಆರಿಸಿ, ಅಡ್ವಾನ್ಸ್ ಕೊಟ್ಟು ಬಂದೆವು. ಒಂದು ತಿಂಗಳಿಂದ ಮನೆಯಲ್ಲಿ ಇದೇ ಮಾತು.

ಶುರುವಾಗಿದ್ದು ಬೀಟ್‌ರೂಟಿನಿಂದ. ಓವರ್‌ಹೆಡ್ ಟ್ಯಾಂಕ್ ಬೇಗ ಖಾಲಿಯಾಗುತ್ತಿತ್ತು. ನಲ್ಲಿಗಳೆಲ್ಲ ಸರಿಯಾಗಿಯೇ ಇದ್ದವು. ಪ್ಲಂಬರ್ ಬಂದವರು, "ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ನೋಡಿ ಮೇಡಂ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ" ಅಂದರು. ಪಲ್ಯಕ್ಕೆ ತಂದಿದ್ದ ಬೀಟ್‌ರೂಟ್ ತುರಿದು, ರಸ ಹಿಂಡಿ ಹಾಕಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಕಮೋಡಿನೊಳಗಿನ ನೀರು ಗುಲಾಬಿ ಬಣ್ಣ! ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಟ್ಯಾಂಕಿನ ತಳದ ರಬ್ಬರ್ ವಾಷರ್ ಮೇಲೆ ಬಿಳಿ ಪೊರೆ ಕಟ್ಟಿತ್ತು. ವಾಷರ್ ಸರಿಯಾಗಿ ಕೂರದೆ, ಸದ್ದೇ ಇಲ್ಲದೆ ಹಗಲೂ ರಾತ್ರಿ ಸೋರುತ್ತಿತ್ತು.

ನನಗೆ ಹೊಟ್ಟೆ ಉರಿದುಹೋಯಿತು. ಕಳೆದ ವರ್ಷ ಇದೇ ಮಾರ್ಚ್‌ನಲ್ಲಿ ಬೋರ್‌ವೆಲ್ ನಿಂತುಹೋಗಿ ಟ್ಯಾಂಕರ್‌ಗಾಗಿ ಎಷ್ಟು ಕಾದಿದ್ದೇವೆ! ಬಟ್ಟೆ ಜಾಲಿಸಿದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಟಾಯ್ಲೆಟ್‌ಗೆ ಹಾಕುತ್ತಿದ್ದೆವು. ನಲ್ಲಿಗೆ ಬರುವ ಕಾವೇರಿ ನೀರೂ ಸುಮ್ನೆ ಬರುವುದಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತರುತ್ತಾರೆ. ಬೋರ್‌ವೆಲ್ಲಿನದಾಗಲಿ ಕಾವೇರಿಯದಾಗಲಿ, ಇಷ್ಟು ಕಷ್ಟಪಟ್ಟು ಸಿಗುವ ನೀರು ನಮ್ಮನೆಯ ಒಂದು ವಾಷರ್ ಸಂದಿಯಲ್ಲಿ ಚರಂಡಿಗೆ ಹೋಗುತ್ತಿತ್ತು.

ಬರೀ ವಾಷರ್ ಬದಲಿಸಬಹುದಿತ್ತು. ಆದರೆ ಈ ಹಳೇ ಟ್ಯಾಂಕಿಗೆ ಹೊಂದುವ ಭಾಗ ಎಲ್ಲೂ ಸಿಗಲಿಲ್ಲ. ಅದು ಒಂದು ಸಲಕ್ಕೆ 10 ಲೀಟರ್ ಸುರಿಯುವ ಟ್ಯಾಂಕ್ ಬೇರೆ. ರಾತ್ರಿ ಕೂತು ಲೆಕ್ಕ ಹಾಕಿದೆ. ನಾವು ನಾಲ್ಕು ಜನ. ಒಬ್ಬೊಬ್ಬರು ದಿನಕ್ಕೆ ಐದು ಸಲ ಅಂದರೆ 20 ಫ್ಲಶ್, 200 ಲೀಟರ್. 6 ಮತ್ತು 3 ಲೀಟರ್‌ನ ಎರಡು ಬಟನ್ ಇರುವುದಾದರೆ ದೊಡ್ಡದು ನಾಲ್ಕು ಸಲ, ಚಿಕ್ಕದು ಹದಿನಾರು ಸಲ. ಒಟ್ಟು 72 ಲೀಟರ್. ದಿನಕ್ಕೆ 128 ಲೀಟರ್ ಉಳಿತಾಯ! ವರ್ಷಕ್ಕೆ ಲೆಕ್ಕ ಹಾಕಿದರೆ 6,000 ಲೀಟರ್‌ನ ಹತ್ತಿರ ಹತ್ತಿರ ಎಂಟು ಟ್ಯಾಂಕರ್ ನೀರು ಆಗುತ್ತದೆ. ಇವರಿಗೆ ತೋರಿಸಿದೆ. "ಹಾಗಾದರೆ ಹೊಸದೇ ತರೋಣ ಬಿಡು" ಅಂದರು.

ಅಂಗಡಿಯಲ್ಲಿ 4 ಮತ್ತು 2 ಲೀಟರ್‌ನದೂ ಇತ್ತು. ನನ್ನ ಕಣ್ಣು ಮೊದಲು ಹೋಗಿದ್ದು ಅದರ ಮೇಲೇ. ಆದರೆ ಪ್ಲಂಬರ್ ಮೊದಲೇ ಹೇಳಿದ್ದರು. ನಮ್ಮ ಬಚ್ಚಲುಮನೆಯಿಂದ ಹೊರಗೆ ಕೊಳಚೆ ನೀರು ಸೇರುವ ಚೇಂಬರ್‌ಗೆ ಮೂವತ್ತು ಅಡಿ ಪೈಪ್ ಇದೆ, ಇಳಿಜಾರು ಕಡಿಮೆ. ತೀರಾ ಕಡಿಮೆ ನೀರು ಬಿಟ್ಟರೆ ಕಮೋಡೇನೋ ಸ್ವಚ್ಛವಾಗುತ್ತದೆ, ಗಲೀಜು ಪೈಪಿನ ಮಧ್ಯೆ ನಿಂತುಬಿಡುತ್ತದೆ. ಆಮೇಲೆ ಅದನ್ನು ತಳ್ಳಲು ಬಕೆಟ್‌ಗಟ್ಟಲೆ ನೀರು ಹಾಕಬೇಕು. ಚೇಂಬರ್ ಹತ್ತಿರದಲ್ಲೇ ಇದ್ದು, ಇಳಿಜಾರು ಚೆನ್ನಾಗಿರುವ ಮನೆಯಾದರೆ 4 ಲೀಟರ್‌ನದನ್ನೇ ಧೈರ್ಯವಾಗಿ ತಗೊಳ್ಳುತ್ತಿದ್ದೆ. ನಮಗೆ 6 ಮತ್ತು 3 ಸರಿ ಅನ್ನಿಸಿತು.

ಗಲೀಜನ್ನು ಪೈಪಿನೊಳಕ್ಕೆ ಎಳೆದುಕೊಳ್ಳುವ ಸೈಫನ್ ಮಾದರಿಯ ಒಂದು ಕಮೋಡ್ ನೋಡಲು ತುಂಬಾ ಚೆನ್ನಾಗಿತ್ತು. ಒಳಗೆ ಅಗಲವಾಗಿ ನೀರು ನಿಂತಿರುತ್ತದೆ, ಸದ್ದು ಕಡಿಮೆ. ಆದರೆ ಅದರ ಎಳೆತ ಶುರುವಾಗಲು ಒಂದೇ ಸಲಕ್ಕೆ ಜಾಸ್ತಿ ನೀರು ಬೇಕು. ವಾಷ್‌ಡೌನ್ ಮಾದರಿಯಲ್ಲಿ ನೀರು ನೇರವಾಗಿ ತಳ್ಳಿಕೊಂಡು ಹೋಗುತ್ತದೆ, ಕಡಿಮೆ ನೀರಲ್ಲೇ ಕೆಲಸ ಆಗುತ್ತದೆ. ಆಗಾಗ ಬ್ರಷ್ ಹಾಕಬೇಕು ನಿಜ. ಹಾಕೋಣ, ಅದೇನು ದೊಡ್ಡ ಕೆಲಸವಾ? ವಾಷ್‌ಡೌನೇ ಆರಿಸಿದೆ.

ಅಳತೆಯನ್ನು ನಿನ್ನೆಯೇ ಬರೆದುಕೊಂಡಿದ್ದು ಒಳ್ಳೆಯದಾಯಿತು. ನಮ್ಮದು ನೆಲದೊಳಕ್ಕೆ ಇಳಿಯುವ ಎಸ್ ಟ್ರ್ಯಾಪ್. ಗೋಡೆಯ ಟೈಲ್ಸ್‌ನಿಂದ ಪೈಪಿನ ನಡುಮಧ್ಯಕ್ಕೆ ಒಂಬತ್ತು ಇಂಚು. ಅಂಗಡಿಯವರು ಮೊದಲು ತೋರಿಸಿದ ಎರಡೂ ಗೋಡೆಯೊಳಕ್ಕೆ ಹೋಗುವ ಪಿ ಟ್ರ್ಯಾಪ್. ಚೀಟಿ ಇಲ್ಲದಿದ್ದರೆ ಅದನ್ನೇ ಹೊತ್ತುಕೊಂಡು ಬರುತ್ತಿದ್ದೆವು. ಗೋಡೆಯೊಳಗೆ ಅಡಗಿರುವ ಟ್ಯಾಂಕ್ ಬೇಡ ಅಂದೆ. ನಮ್ಮ ಗಡಸು ನೀರಿಗೆ ಆಗಾಗ ಟ್ಯಾಂಕ್ ಮುಚ್ಚಳ ತೆಗೆದು ವಾಷರ್ ಒರೆಸಬೇಕು. ಕೈಗೆ ಸುಲಭವಾಗಿ ಸಿಗಬೇಕು. ಬಿಡಿ ಭಾಗಗಳನ್ನು ಅಂಗಡಿಯವರಿಂದ ಕೇಳಿ ತರಿಸಿ, ಕಣ್ಣಾರೆ ನೋಡಿದ ಮೇಲೇ ದುಡ್ಡು ಕೊಟ್ಟಿದ್ದು.

ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮ ಕಾಲದಲ್ಲಿ ಎರಡು ಚೊಂಬು ನೀರಲ್ಲಿ ಮುಗೀತಿತ್ತಮ್ಮ" ಅಂದರು. ನಿಜವೇ. ಕೂತು ಹೋಗುವ ಪಾಯಿಖಾನೆಗೆ ಕೈಯಿಂದ ಒಂದೆರಡು ಲೀಟರ್ ಸುರಿದರೆ ಸಾಕಾಗುತ್ತಿತ್ತು. ಆದರೆ ಅವರ ಮಂಡಿ ಈಗ ಅದಕ್ಕೆ ಒಪ್ಪುವುದಿಲ್ಲ. ಅವರಿಗೆ ಎರಡು ಬಟನ್ ಗೊಂದಲ ಆಗಬಾರದು ಅಂತ ಚಿಕ್ಕದರ ಮೇಲೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಡುತ್ತೇನೆ. ನೆಂಟರು ಬಂದಾಗಲೂ ಅನುಕೂಲ.

ಪ್ಲಂಬರ್ ಬುಧವಾರ ಬರುತ್ತಾರೆ. ಅಲ್ಲಿಯವರೆಗೆ ಹಳೇ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿದ್ದೇನೆ. ಪಕ್ಕದಲ್ಲಿ ಒಂದು ಬಕೆಟ್, ಒಂದು ಚೊಂಬು ಇಟ್ಟಿದ್ದೇನೆ.