ಕಲ್ಲಿದ್ದಲು ಮತ್ತು ಅದಿರಿನ ಹಾದಿಯಲ್ಲಿ: ಲಕ್ಸೆಂಬರ್ಗ್‌ನಿಂದ ಫೋಲ್ಕ್ಲಿಂಗನ್‌ವರೆಗೆ

ಲಕ್ಸೆಂಬರ್ಗ್ ರೈಲು ನಿಲ್ದಾಣದಿಂದ ನೇರ ರಸ್ತೆ ಹಿಡಿದು ಹಳೆಯ ಊರಿನ ಕಡೆಗೆ ನಡೆದರೆ, ಅಡಾಲ್ಫ್ ಸೇತುವೆ ಸಿಗುವುದಕ್ಕೆ ಸ್ವಲ್ಪ ಮೊದಲು ಮೆಟ್ಜ್ ಚೌಕ ಬರುತ್ತದೆ. ಪ್ರವಾಸಿಗರೆಲ್ಲ ಕಣಿವೆಯ ಚಿತ್ರ ತೆಗೆಯಲು ಸೇತುವೆಯ ಕಡೆಗೆ ಧಾವಿಸುವುದರಿಂದ, ಆ ಚೌಕದಲ್ಲಿರುವ ಹಳೆಯ ರೈಲ್ವೆ ಆಡಳಿತ ಕಚೇರಿಯ ಕಲ್ಲಿನ ಕಟ್ಟಡವನ್ನು ನಿಂತು ನೋಡುವವರು ಕಡಿಮೆ. 1952ರ ಆಗಸ್ಟ್ 10ರಂದು ಫ್ರಾನ್ಸಿನ ಜಾನ್ ಮೊನೆಯವರ ಅಧ್ಯಕ್ಷತೆಯಲ್ಲಿ ಲಕ್ಸೆಂಬರ್ಗ್‌ನಲ್ಲಿ ಕೆಲಸ ಆರಂಭಿಸಿದ ಒಂಬತ್ತು ಸದಸ್ಯರ ಉನ್ನತ ಪ್ರಾಧಿಕಾರದ ಕಚೇರಿ ಇದ್ದದ್ದು ಇಲ್ಲಿಯೇ. ಒಂದು ಒಪ್ಪಂದದಿಂದ ಹುಟ್ಟಿದ ಯುರೋಪಿಯನ್ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವನ್ನು ನಡೆಸುತ್ತಿದ್ದ ಈ ಪ್ರಾಧಿಕಾರಕ್ಕೆ ಆರು ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮಾರುಕಟ್ಟೆಗೆ ತರುವ ಅಧಿಕಾರವಿತ್ತು. ಯುರೋಪಿನ ಒಕ್ಕೂಟದ ಕಥೆಯನ್ನು ಬ್ರಸೆಲ್ಸ್‌ನಿಂದ ಆರಂಭಿಸುವುದು ರೂಢಿ. ನನಗೆ ಮಾತ್ರ ಅದರ ಮೊದಲ ಅಧ್ಯಾಯವನ್ನು ಗಣಿ ಮತ್ತು ಕುಲುಮೆಗಳ ಸೀಮೆಯಲ್ಲಿ, ಸಾಧ್ಯವಾದಷ್ಟೂ ರೈಲಿನಲ್ಲಿಯೇ ಓಡಾಡಿ ನೋಡಬೇಕೆನಿಸಿತ್ತು.

ಆ ಒಪ್ಪಂದದ ಹಿಂದಿದ್ದ ತರ್ಕ ಭೂಪಟದಲ್ಲಿಯೇ ಇದೆ. ಅದಿರನ್ನು ಕರಗಿಸುವ ಕೋಕ್ ಎಂಬ ಇಂಧನವನ್ನು ತಯಾರಿಸಲು ಒಗ್ಗುವ ಉತ್ತಮ ಕಲ್ಲಿದ್ದಲು ಜರ್ಮನಿಯ ರೂರ್ ಪ್ರದೇಶದಲ್ಲಿದೆ. ಕಬ್ಬಿಣದ ಅದಿರು ಫ್ರಾನ್ಸಿನ ಲೊರೇನ್‌ನಲ್ಲಿ ಮತ್ತು ಲಕ್ಸೆಂಬರ್ಗ್‌ನ ದಕ್ಷಿಣದ ಅಂಚಿನಲ್ಲಿದೆ. ಒಂದಿಲ್ಲದೆ ಇನ್ನೊಂದು ಉಕ್ಕಾಗದು. 1871ರಲ್ಲಿ ಜರ್ಮನಿಯು ಲೊರೇನ್‌ನ ಒಂದು ಭಾಗವನ್ನು ಕಿತ್ತುಕೊಂಡಿತು. 1923ರಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳು ರೂರ್ ಪ್ರದೇಶಕ್ಕೆ ನುಗ್ಗಿದವು. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷವಾಗುವಷ್ಟರಲ್ಲಿ, 1950ರ ಮೇ 9ರಂದು, ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಷೂಮನ್ ಈ ಎರಡು ಸರಕುಗಳ ಉತ್ಪಾದನೆಯನ್ನು ಎರಡೂ ದೇಶಗಳಿಗೆ ಸೇರದ ಒಂದು ಪ್ರಾಧಿಕಾರದ ಕೈಗೆ ಒಪ್ಪಿಸೋಣ ಎಂದರು. ಇಟಲಿ, ಬೆಲ್ಜಿಯಂ, ನೆದರ್ಲ್ಯಾಂಡ್ಸ್, ಲಕ್ಸೆಂಬರ್ಗ್‌ಗಳೂ ಜೊತೆಗೂಡಿ 1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಕಚೇರಿ ಎಲ್ಲಿರಬೇಕೆಂಬ ಪ್ರಶ್ನೆ ಮಾತ್ರ ಬಗೆಹರಿದಿರಲಿಲ್ಲ. ಮರುವರ್ಷದ ಜುಲೈನಲ್ಲಿ ರಾತ್ರಿಯಿಡೀ ಜಗ್ಗಾಡಿ ಸಚಿವರು ಸೋತುಹೋದಾಗ, ಲಕ್ಸೆಂಬರ್ಗ್‌ನ ಜೋಸೆಫ್ ಬೆಕ್ ಸದ್ಯಕ್ಕೆ ತಮ್ಮ ಊರಿನಲ್ಲಿಯೇ ಕೆಲಸ ಶುರುಮಾಡಿ ಎಂದರಂತೆ. ಆ ‘ಸದ್ಯಕ್ಕೆ’ ಎಷ್ಟು ಕಾಲ ಬಾಳಿತೆಂಬುದನ್ನು ಯುರೋಪಿನ ನ್ಯಾಯಾಲಯ ಇಂದಿಗೂ ಇದೇ ಊರಿನಲ್ಲಿರುವುದರಿಂದ ಅಳೆಯಬಹುದು.

ದಕ್ಷಿಣದ ಎಶ್ ಪಟ್ಟಣದ ಅಂಚಿನಲ್ಲಿರುವ ಬೆಲ್ವಾಲ್‌ಗೆ ಸ್ಥಳೀಯ ರೈಲಿನಲ್ಲಿ ಹೋದೆ. 2020ರಿಂದ ಈ ದೇಶದ ಬಸ್ಸು, ಟ್ರಾಮು, ರೈಲುಗಳ ಎರಡನೆಯ ದರ್ಜೆಗೆ ಟಿಕೆಟ್ಟಿಲ್ಲ. ಬೆಲ್ವಾಲ್ ಉಕ್ಕಿನ ಕಾರ್ಖಾನೆಯಲ್ಲಿ 1953ರ ಏಪ್ರಿಲ್ 30ರಂದು, ಉಕ್ಕಿನ ಸಾಮಾನ್ಯ ಮಾರುಕಟ್ಟೆ ತೆರೆಯುವ ಹಿಂದಿನ ದಿನ, ‘ಯೂರೋಪ್’ ಎಂಬ ಅಕ್ಷರಗಳಿದ್ದ ಗಟ್ಟಿಯನ್ನು ಎರಕ ಹೊಯ್ದು ಮೊನೆಯವರ ಕೈಗಿತ್ತರು. ಕೊನೆಯ ಊದುಕುಲುಮೆ 1997ರಲ್ಲಿ ಆರಿತು. ಈಗ ಕುಲುಮೆಗಳ ಬುಡದಲ್ಲಿಯೇ ಲಕ್ಸೆಂಬರ್ಗ್ ವಿಶ್ವವಿದ್ಯಾಲಯವಿದ್ದು, ತುಕ್ಕು ಬಣ್ಣದ ಕೊಳವೆಗಳ ಕೆಳಗೆ ವಿದ್ಯಾರ್ಥಿಗಳು ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದರು. ಕಾರ್ಖಾನೆಯನ್ನು ನಡೆಸುತ್ತಿದ್ದ ಆರ್ಬೆಡ್ ಕಂಪನಿಯು ಫ್ರಾನ್ಸ್ ಮತ್ತು ಸ್ಪೇನಿನ ಕಂಪನಿಗಳೊಂದಿಗೆ ಸೇರಿ ಆರ್ಸೆಲರ್ ಆಯಿತು. 2006ರಲ್ಲಿ ಅದನ್ನು ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮೀ ಮಿತ್ತಲ್ ಅವರ ಕಂಪನಿ ಕೊಂಡಿತು. ಮೊನೆಯವರ ಲೆಕ್ಕದಲ್ಲಿ ಈ ನೆರೆಹೊರೆ ಇರಲಾರದು.

ಅಲ್ಲಿಂದ ಮರಳಿದ ಮೇಲೆ ಫ್ರಾನ್ಸಿನ ಮೆಟ್ಜ್ ನಗರಕ್ಕೆ ಹೊರಟ ರೈಲು ಯಾವ ತಪಾಸಣೆಗೂ ನಿಲ್ಲದೆ ಗಡಿ ದಾಟಿ ಥಿಯೊನ್‌ವಿಲ್ ಮಾರ್ಗವಾಗಿ ಸಾಗಿತು. ಪ್ರಾಧಿಕಾರದ ಕೆಲಸದಲ್ಲಿ ನನಗೆ ಅತ್ಯಂತ ಆಸಕ್ತಿಕರವಾಗಿ ಕಂಡ ಸಂಗತಿ ಇಂಥ ಹಳಿಗಳಿಗೇ ಸಂಬಂಧಿಸಿದ್ದು. 1953ರ ಫೆಬ್ರವರಿ 10ರಂದು ಕಲ್ಲಿದ್ದಲು ಮತ್ತು ಅದಿರಿನ ಮೇಲಿನ ಸುಂಕವನ್ನೂ ಆಮದು ಮಿತಿಗಳನ್ನೂ ತೆಗೆದುಹಾಕಿದ ಮೇಲೂ ಸರಕು ಅಗ್ಗವಾಗಿ ಗಡಿ ದಾಟುತ್ತಿರಲಿಲ್ಲ. ರೈಲ್ವೆಯಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದು ಪದ್ಧತಿ. ಆದರೆ ಗಡಿ ಬಂದೊಡನೆ, ವ್ಯಾಗನ್ನಿನಿಂದ ಒಂದು ಹರಳೂ ಕೆಳಗಿಳಿಯದಿದ್ದರೂ, ಸರಕನ್ನು ಅಲ್ಲಿ ಹೊಸದಾಗಿ ತುಂಬಿದಂತೆ ಭಾವಿಸಿ ಲೆಕ್ಕವನ್ನು ಮೊದಲಿನಿಂದ ಆರಂಭಿಸುತ್ತಿದ್ದರು. ರೂರ್‌ನಿಂದ ಲೊರೇನ್‌ಗೆ ಬರುವ ಕೋಕಿಗೆ, ಅಷ್ಟೇ ದೂರವನ್ನು ಒಂದೇ ದೇಶದೊಳಗೆ ಕ್ರಮಿಸುವ ಕೋಕಿಗಿಂತ ಹೆಚ್ಚು ಬಾಡಿಗೆ ಬೀಳುತ್ತಿದ್ದುದು ಹೀಗೆ. 1955ರಲ್ಲಿ ಸದಸ್ಯ ದೇಶಗಳು ಒಪ್ಪಿಕೊಂಡ ನೇರ ಸಾಗಣೆ ದರದಿಂದ ಈ ಸುಳ್ಳು ನಿಲುಗಡೆ ರದ್ದಾಯಿತು. ಸುಂಕದ ಕಟ್ಟೆ ಒಡೆದದ್ದಕ್ಕಿಂತ ಈ ದರಪಟ್ಟಿಯನ್ನು ತಿದ್ದಿದ್ದು ಕಷ್ಟದ ಕೆಲಸವಾಗಿತ್ತೆಂದೇ ನನ್ನ ಎಣಿಕೆ. ಸುಂಕ ಎಲ್ಲರ ಕಣ್ಣಿಗೂ ಕಾಣುತ್ತದೆ, ದರಪಟ್ಟಿಯೊಳಗಿನ ಗಡಿ ಗುಮಾಸ್ತರಿಗೆ ಮಾತ್ರ ಗೊತ್ತಿರುತ್ತದೆ.

ಮೆಟ್ಜ್‌ನ ಹೊರವಲಯದಲ್ಲಿ, ಮೊಸೆಲ್ ನದಿಯತ್ತ ಇಳಿಯುವ ಗುಡ್ಡದ ಮೇಲೆ ಸಿ-ಶಾಜೆಲ್ ಎಂಬ ಹಳ್ಳಿಯಿದೆ. ಷೂಮನ್ ಬಾಳಿ 1963ರಲ್ಲಿ ಕಣ್ಣುಮುಚ್ಚಿದ ಮನೆ ಅಲ್ಲಿದೆ, ಈಗ ವಸ್ತುಸಂಗ್ರಹಾಲಯ. ಎರಡು ಸಲ ಪ್ರಧಾನಿಯಾಗಿದ್ದವರ ಮನೆಯೆಂದು ಹೇಳುವಂಥ ಆಡಂಬರ ಎಲ್ಲಿಯೂ ಇಲ್ಲ. ಮದುವೆಯಾಗದೆ ಉಳಿದ, ದೈವಭಕ್ತ ವಕೀಲರೊಬ್ಬರ ಪುಸ್ತಕಗಳ ಮನೆ ಅದು. ಅವರು ಹುಟ್ಟಿದ್ದು ಲಕ್ಸೆಂಬರ್ಗ್‌ನಲ್ಲಿ, ಹುಟ್ಟಿನಿಂದ ಜರ್ಮನ್ ಪ್ರಜೆ, ಓದಿದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ. ಮೊದಲ ಮಹಾಯುದ್ಧದ ನಂತರ ಲೊರೇನ್ ಫ್ರಾನ್ಸಿಗೆ ಮರಳಿದಾಗ ಮೂವತ್ತು ದಾಟಿದ ಅವರು ಫ್ರೆಂಚರಾದರು. 1940ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಬಂಧಿಸಿತು, 1942ರಲ್ಲಿ ತಪ್ಪಿಸಿಕೊಂಡರು. ಗಡಿಯೇ ತನ್ನ ಮೇಲೆ ಹಾದುಹೋದ ಇಂಥ ಮನುಷ್ಯನಿಗೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಅವರೊಂದಿಗೆ ಜರ್ಮನ್ ಭಾಷೆಯಲ್ಲಿಯೇ ಮಾತಾಡುವುದು ಸಲೀಸಾಗಿತ್ತು. ಎದುರಿಗಿರುವ ಕೋಟೆಗೋಡೆಯಂಥ ಚರ್ಚಿನಲ್ಲಿ ಅವರ ಸಮಾಧಿಯಿದೆ.

ಮೆಟ್ಜ್‌ನಿಂದ ಜರ್ಮನಿಯ ಸಾರ್ ಸೀಮೆಯ ಸಾರ್‌ಬ್ರುಕನ್‌ಗೆ, ಅಲ್ಲಿಂದ ಸ್ವಲ್ಪ ಹೊತ್ತಿನಲ್ಲಿಯೇ ಫೋಲ್ಕ್ಲಿಂಗನ್‌ಗೆ ಬಂದೆ. 1873ರಲ್ಲಿ ಆರಂಭವಾಗಿ 1986ರಲ್ಲಿ ಬೆಂಕಿ ಆರಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆ 1994ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಸಾಲಾಗಿ ನಿಂತ ಆರು ಊದುಕುಲುಮೆಗಳಿಗೆ ಅದಿರು ಮತ್ತು ಕೋಕನ್ನು ಏರಿಸುತ್ತಿದ್ದ ತೂಗುಹಳಿಯ ಉಕ್ಕಿನ ತೊಟ್ಟಿಗಳು ಇದ್ದಲ್ಲಿಯೇ ಇವೆ. ಇಪ್ಪತ್ತೇಳು ಮೀಟರ್ ಎತ್ತರದ ಅಟ್ಟದಲ್ಲಿ, ವಿಷಾನಿಲ ಸೋರುವ ಕುಲುಮೆಯ ಬಾಯಿಯ ಬಳಿ, ಆಳುಗಳು ಈ ತೊಟ್ಟಿಗಳನ್ನು ಕೈಯಿಂದ ದಬ್ಬಿಕೊಂಡು ಹೋಗಿ ಸುರಿಯುತ್ತಿದ್ದರು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಇನ್ನೂ ಮೇಲಕ್ಕೆ, ನಲವತ್ತೈದು ಮೀಟರಿನವರೆಗೆ ಹತ್ತಬಹುದು. ಅದಿರಿನ ಪುಡಿಯನ್ನು ಗಟ್ಟಿಮಾಡುತ್ತಿದ್ದ ವಿಭಾಗದಲ್ಲಿ ಫ್ರೆಂಚ್ ಕಲಾವಿದ ಕ್ರಿಸ್ಟಿಯನ್ ಬೋಲ್ಟಾನ್ಸ್ಕಿ ಯುದ್ಧಕಾಲದ ಬಲವಂತದ ದುಡಿಮೆಯಾಳುಗಳ ನೆನಪಿಗೆ ಕಟ್ಟಿದ ಕೃತಿಯಿದೆ: ಸಂಖ್ಯೆ ಬರೆದ ತಗಡಿನ ಡಬ್ಬಿಗಳ ಗೋಡೆಗಳು, ನಡುವೆ ಕಪ್ಪು ಬಟ್ಟೆಗಳ ರಾಶಿ. ಕಾರ್ಖಾನೆಯ ಯಜಮಾನ ಹರ್ಮನ್ ರೋಖ್ಲಿಂಗ್‌ಗೆ ಯುದ್ಧಾನಂತರ ಫ್ರೆಂಚ್ ನ್ಯಾಯಮಂಡಳಿ ಯುದ್ಧಾಪರಾಧಿಯೆಂದು ಶಿಕ್ಷೆ ವಿಧಿಸಿತು. ಷೂಮನ್ ಅವರ ಪ್ರಸ್ತಾಪ ಯಾವ ಬಗೆಯ ಉಕ್ಕಿನ ಕುರಿತಾಗಿತ್ತೆಂಬುದು ಇಲ್ಲಿ ನಿಂತಾಗ ಹೆಚ್ಚು ತಿಳಿಯಾಗುತ್ತದೆ.

ಸಾರ್ ಸೀಮೆಯ ಜನ ಈ ಏಕೀಕರಣವನ್ನು ಕಣ್ಣುಮುಚ್ಚಿ ಒಪ್ಪಿದವರೂ ಅಲ್ಲ. ಫ್ರೆಂಚ್ ಆರ್ಥಿಕ ಹಿಡಿತದಲ್ಲಿದ್ದ ತಮ್ಮ ನಾಡಿಗೆ ಪ್ರತ್ಯೇಕ ಯುರೋಪಿಯನ್ ಸ್ಥಾನ ನೀಡುವ ಪ್ರಸ್ತಾಪವನ್ನು 1955ರ ಅಕ್ಟೋಬರ್ 23ರಂದು ಮೂರರಲ್ಲಿ ಎರಡು ಪಾಲು ಮತದಾರರು ತಿರಸ್ಕರಿಸಿ, 1957ರಲ್ಲಿ ಜರ್ಮನಿಗೆ ಸೇರಿದರು. ಅದಕ್ಕೆ ಪ್ರತಿಯಾಗಿ ಫ್ರಾನ್ಸ್ ಪಡೆದುಕೊಂಡದ್ದು, ರೂರ್ ಕಡೆಯಿಂದ ಲೊರೇನ್‌ಗೆ ದೊಡ್ಡ ದೋಣಿಗಳು ಬರುವಂತೆ ಮೊಸೆಲ್ ನದಿಯನ್ನು ಆಳಗೊಳಿಸುವ ಒಪ್ಪಿಗೆ. 1964ರಲ್ಲಿ ಆ ಜಲಮಾರ್ಗ ತೆರೆಯಿತು. ಯಾರೂ ಉದಾರಿಗಳಾಗಿರಲಿಲ್ಲ, ಆದರೆ ಚೌಕಾಸಿ ಮೇಜಿನ ಮೇಲೆ ನಡೆಯಿತು.

ಐವತ್ತು ವರ್ಷಗಳ ಅವಧಿಗೆಂದು ಬರೆದಿದ್ದ ಒಪ್ಪಂದ 2002ರ ಜುಲೈ 23ರಂದು ಮುಗಿಯಿತು. ಫ್ರಾನ್ಸಿನ ಕೊನೆಯ ಕಲ್ಲಿದ್ದಲು ಗಣಿ 2004ರಲ್ಲಿ, ಸಾರ್ ಸೀಮೆಯ ಕೊನೆಯ ಗಣಿ 2012ರಲ್ಲಿ ಮುಚ್ಚಿದವು. ಒಪ್ಪಂದದ ಕಾಲದಲ್ಲಿ ಪ್ರಾಧಿಕಾರವು ಗಣಿ ಮತ್ತು ಉಕ್ಕಿನ ಕಂಪನಿಗಳಿಂದ ನೇರವಾಗಿ ಲೆವಿ ವಸೂಲು ಮಾಡುತ್ತಿತ್ತು. ಸಮುದಾಯದ ಬಳಿ ಕೊನೆಗೆ ಉಳಿದ ಆಸ್ತಿ ಯುರೋಪಿಯನ್ ಒಕ್ಕೂಟಕ್ಕೆ ಸೇರಿ, ಅದರಿಂದ ಕಲ್ಲಿದ್ದಲು ಮತ್ತು ಉಕ್ಕಿನ ಸಂಶೋಧನೆಗೆ ಇಂದಿಗೂ ಧನಸಹಾಯ ಸಲ್ಲುತ್ತಿದೆ.