ಅಜೋಬೆನ್ಜೀನ್ ಪಾಲಿಮರ್ ಪದರ, ಮೂರನೇ ಹಂತ: ಕೂಡಿಟ್ಟ ಬಿಸಿಯ ಅಳತೆ

ಬೆಳಕಿನ ಶಕ್ತಿಯನ್ನು ಕೂಡಿಟ್ಟು, ಬೇಕಾದಾಗ ಬಿಸಿಯಾಗಿ ಬಿಡುವ ಪದರ ನಮ್ಮ ಗುರಿ. ಹಿಂದಿನ ಹಂತಗಳ ಪಾಲಿಮರ್ ಬದಲಾಗಿಲ್ಲ. ಮೆಥಾಕ್ರಿಲೇಟ್ ಸರಪಳಿ, ಆರು ಕಾರ್ಬನ್‌ಗಳ ಕೊಂಡಿ, ತುದಿಯಲ್ಲಿ ಬೆಳಕಿಗೆ ಆಕಾರ ಬದಲಿಸುವ ಅಜೋಬೆನ್ಜೀನ್. ಒಂದು ಘಟಕದ ಅಣುತೂಕ 366. ಅತಿನೇರಳೆ ಬೆಳಕು ಬಿದ್ದು ಅದರ ನೇರವಾದ ಟ್ರಾನ್ಸ್ ರೂಪ ಬಾಗಿದ ಸಿಸ್ ಆದಾಗ ಮೋಲ್‌ಗೆ ಸುಮಾರು 41 ಕಿಲೋಜೂಲ್ ಒಳಗೆ ಉಳಿಯುತ್ತದೆ. ಹಾಗಾಗಿ ಗ್ರಾಂಗೆ 112 ಜೂಲ್‌ಗಿಂತ ಹೆಚ್ಚು ಸಿಗಲಾರದು. ಅದಕ್ಕಿಂತ ದೊಡ್ಡ ಅಂಕಿ ಬಂದರೆ ಅಳತೆಯನ್ನೇ ಅನುಮಾನಿಸಬೇಕು.

ಒಣಗಿದ ಪದರಕ್ಕೆ ನೇರವಾಗಿ 365 ನ್ಯಾನೋಮೀಟರ್ ಎಲ್‌ಇಡಿ ಹಿಡಿಯುವುದನ್ನು ಕೈಬಿಟ್ಟಿದ್ದೇವೆ. ಪದರದಲ್ಲಿ ಅಜೋಬೆನ್ಜೀನ್ ಲೀಟರ್‌ಗೆ ಸುಮಾರು 3.3 ಮೋಲ್‌ನಷ್ಟು ದಟ್ಟ. ಹೀರಿಕೆಯ ಶಿಖರದಲ್ಲಿ ಶೇ. 90ರಷ್ಟು ಬೆಳಕು ಮೇಲಿನ 0.1 ಮೈಕ್ರಾನ್ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಮೇಲ್ಭಾಗ ಸಿಸ್ ಆಗಿ ಸ್ವಲ್ಪ ದಾರಿ ಬಿಟ್ಟ ಮೇಲಷ್ಟೇ ಬೆಳಕು ಕೆಳಗಿಳಿಯುತ್ತದೆ. ಮೇಲೆ ಕಿತ್ತಳೆ ಬಣ್ಣ ಬಂದ ಮಾತ್ರಕ್ಕೆ ತಳದವರೆಗೂ ಚಾರ್ಜ್ ಆಗಿದೆ, ಅಂದರೆ ಸಿಸ್ ಆಗಿದೆ, ಎಂದುಕೊಳ್ಳುವಂತಿಲ್ಲ.

ಈಗಿನ ಕ್ರಮ: ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕದಲ್ಲಿ ತೆಳು ದ್ರಾವಣ ಮಾಡಿ, ಕಲಕುತ್ತಲೇ 365ರ ಬೆಳಕು ಕೊಟ್ಟು, 345 ನ್ಯಾನೋಮೀಟರ್ ಸುತ್ತಲಿನ ಹೀರಿಕೆ ಇನ್ನು ಇಳಿಯದು ಎನ್ನುವವರೆಗೆ ಕಾಯುವುದು. ಬಳಿಕ ಕೆಂಪು ದೀಪದಡಿ, ಬಿಸಿ ಮಾಡದೆ, ನಿರ್ವಾತದಲ್ಲಿ ದ್ರಾವಣವನ್ನು ಮಿಲಿಲೀಟರ್‌ಗೆ 100 ಮಿಲಿಗ್ರಾಂವರೆಗೆ ಗಟ್ಟಿ ಮಾಡುತ್ತೇವೆ. 250 ಮೈಕ್ರಾನ್ ಸಂದಿನ ಬ್ಲೇಡ್ ಎಳೆದರೆ ಅದರ ಅರ್ಧದಷ್ಟು ದಪ್ಪದ ಹಸಿ ಪದರ ಉಳಿದು, ಒಣಗಿದಾಗ ಸುಮಾರು 10 ಮೈಕ್ರಾನ್ ಆಗುತ್ತದೆ. ಮೇಲೊಂದು ಗಾಜಿನ ತಟ್ಟೆ ಮುಚ್ಚಲೇಬೇಕು. ದ್ರಾವಕ ಬೇಗ ಹಾರಿದರೆ ಪದರ ತಣ್ಣಗಾಗಿ, ಗಾಳಿಯ ತೇವ ಕೂತು, ಬಿಳಿ ಮಬ್ಬು ಕವಿಯುತ್ತದೆ. ಈ ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ; ಎಲ್‌ಇಡಿ ಉರಿಯುವಾಗ ಅತಿನೇರಳೆ ತಡೆಯುವ ಕನ್ನಡಕ ಕಡ್ಡಾಯ.

ಈ ಹಂತದ ದೊಡ್ಡ ಬದಲಾವಣೆ ಅಡಿಯ ಹಾಳೆಯದು. 10 ಮೈಕ್ರಾನ್ ಪದರದ ಒಂದು ಚದರ ಸೆಂಟಿಮೀಟರ್ ತೂಗುವುದು 1.2 ಮಿಲಿಗ್ರಾಂ. ಪೂರ್ತಿ ಚಾರ್ಜ್ ಆಗಿದ್ದರೂ ಅದರಲ್ಲಿರುವುದು 0.13 ಜೂಲ್. ಒಂದು ಮಿಲಿಮೀಟರ್ ಗಾಜಿನ ಮೇಲೆ ಅಷ್ಟೂ ಬಿಸಿ ಗಾಜಿಗೇ ಹೋಗಿ, ಏರಿಕೆ 0.6 ಡಿಗ್ರಿಗೆ ನಿಲ್ಲುತ್ತದೆ. 25 ಮೈಕ್ರಾನ್ ಪಾಲಿಯೆಸ್ಟರ್ ಹಾಳೆಯಾದರೆ, ಬಿಸಿ ಹೊರಗೆ ಸೋರದಿದ್ದಲ್ಲಿ, ಲೆಕ್ಕ 22 ಡಿಗ್ರಿ ಮುಟ್ಟುತ್ತದೆ. ಆದರೆ ಸೋರದೆ ಇರುವುದಿಲ್ಲ: ಇಷ್ಟು ತೆಳುವಾದದ್ದು ಮೂರ್ನಾಲ್ಕು ಸೆಕೆಂಡಿನಲ್ಲೇ ತನ್ನ ಬಿಸಿಯ ಬಹುಪಾಲನ್ನು ಗಾಳಿಗೆ ಕೊಟ್ಟುಬಿಡುತ್ತದೆ.

ಇಲ್ಲಿ ತುಂಬ ಎಚ್ಚರ ಬೇಕು. ಕೂಡಿಟ್ಟ ಬಿಸಿಯ ಬಿಡುಗಡೆಗೆ ಬಳಸುವ 450 ನ್ಯಾನೋಮೀಟರ್ ನೀಲಿ ಬೆಳಕೇ ಪದರವನ್ನು ಕಾಯಿಸುತ್ತದೆ. ಸಿಸ್‌ನಿಂದ ಟ್ರಾನ್ಸ್‌ಗೆ ಮರಳುವ ಕ್ವಾಂಟಮ್ ಇಳುವರಿ (ಹೀರಿದ ಪ್ರತಿ ಫೋಟಾನ್‌ಗೆ ಮರಳುವ ಅಣುಗಳ ಪಾಲು) 0.5 ಎಂದು ಹಿಡಿದರೆ, ಈ ಪದರಕ್ಕೆ ಚದರ ಸೆಂಟಿಮೀಟರ್‌ಗೆ ಕನಿಷ್ಠ 1.75 ಜೂಲ್ ನೀಲಿ ಬೆಳಕು ಬೇಕು. ಅದು ಕೂಡಿಟ್ಟದ್ದರ ಹದಿಮೂರು ಪಟ್ಟು! ಥರ್ಮಲ್ ಕ್ಯಾಮೆರಾದಲ್ಲಿ ಹೊಳೆಯುವ ಬಿಸಿಯಲ್ಲಿ ಹೆಚ್ಚಿನದು ದೀಪದ್ದೇ. ಆದ್ದರಿಂದ ಅದೇ ದಪ್ಪದ, ಚಾರ್ಜ್ ಇಲ್ಲದ ಪದರವನ್ನು ಪಕ್ಕದಲ್ಲಿಟ್ಟು, ಎರಡಕ್ಕೂ ಒಂದೇ ಬೆಳಕು ಬೀಳಿಸಿ, ವ್ಯತ್ಯಾಸವನ್ನಷ್ಟೇ ಎಣಿಸುತ್ತೇವೆ. 10 ಮೈಕ್ರಾನ್‌ನಲ್ಲಿ ಎರಡೂ ನೀಲಿಯನ್ನು ಬಹುತೇಕ ಪೂರ್ತಿ ಹೀರುವುದರಿಂದ ಈ ಕಳೆಯುವ ಲೆಕ್ಕ ಸಲ್ಲುತ್ತದೆ. ಒಂದು ಮೈಕ್ರಾನ್‌ಗೆ ಇಳಿದರೆ ಸಲ್ಲದು: 450ರಲ್ಲಿ ಸಿಸ್ ಹೆಚ್ಚು ಹೀರುತ್ತದೆ, ಆ ಹೆಚ್ಚುವರಿ ಬಿಸಿಯೂ ಕೂಡಿಟ್ಟ ಬಿಸಿಯಂತೆಯೇ ಕಾಣುತ್ತದೆ.

ನಾವು ನಂಬುವ ಅಂಕಿ ಡಿಎಸ್‌ಸಿಯದು, ಅಂದರೆ ಚೂರನ್ನು ಕಾಯಿಸುತ್ತ ಅದು ಬಿಡುವ ಇಲ್ಲವೇ ಹೀರುವ ಬಿಸಿಯನ್ನು ಅಳೆಯುವ ಯಂತ್ರದ್ದು. ಕತ್ತಲಲ್ಲಿ ಕೆರೆದ 3ರಿಂದ 5 ಮಿಲಿಗ್ರಾಂ, ನಿಮಿಷಕ್ಕೆ 10 ಡಿಗ್ರಿ ಏರಿಕೆ, 180 ಡಿಗ್ರಿವರೆಗೆ. ಮೊದಲ ಸುತ್ತಿನಲ್ಲಿ ಬಿಸಿ ಹೊರಬರುವ ಉಬ್ಬು ಕಾಣಬೇಕು, ಎರಡನೆಯದರಲ್ಲಿ ಆ ಉಬ್ಬು ಇರಬಾರದು. ದ್ರಾವಕ ಉಳಿದಿದ್ದರೆ ಅದು ಆವಿಯಾಗಲು ಎಳೆದುಕೊಳ್ಳುವ ಬಿಸಿ ಉಬ್ಬನ್ನು ತಿಂದುಹಾಕುತ್ತದೆ. ಅದೇ ಚೂರಿನ ಇನ್ನೊಂದು ಭಾಗವನ್ನು ಕತ್ತಲಲ್ಲೇ ಕರಗಿಸಿ ಸಿಸ್ ಪ್ರಮಾಣ ನೋಡುತ್ತೇವೆ. ಅದು ಶೇ. 70 ಇದ್ದರೆ ಡಿಎಸ್‌ಸಿ ಗ್ರಾಂಗೆ 78 ಜೂಲ್ ಹತ್ತಿರ ತೋರಿಸಬೇಕು.

ಮುಂದಿನ ತೊಡಕು ಅಂಟು. ಸಿಸ್ ಹೆಚ್ಚಾದಷ್ಟೂ ಪಾಲಿಮರ್ ಮೆತ್ತಗಾಗಿ ಹಾಳೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಸುರುಳಿ ಸುತ್ತಲು ಆಗುವುದಿಲ್ಲ. ಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡಕೊಂಡಿ ಹಾಕಿ ನೋಡಬೇಕು. ಅದಕ್ಕೆ ಸೇರಿಸುವ ಪ್ರತಿ ಗ್ರಾಂ ಬಿಸಿ ಕೂಡಿಡದ ತೂಕ, ಹಾಗಾಗಿ ಶೇ. 2ರಿಂದ ಶುರು ಮಾಡುತ್ತೇವೆ.