ಮುಚ್ಚಿರಬೇಕಾದ ಎರಡು ಕಾರ್ಬುರೇಟರ್‌ಗಳು

ಏಪ್ರಿಲ್ ಕೊನೆಯ ಶನಿವಾರ. ಡೆಟ್ರಾಯಿಟ್‌ನ ಚಳಿ ಅಂತೂ ಕಾಲು ತೆಗೆದಿತ್ತು. ಆರು ತಿಂಗಳು ಹೊದಿಕೆಯೊಳಗಿದ್ದ ನನ್ನ 1966ರ ಪಾಂಟಿಯಾಕ್ ಜಿಟಿಒ ಎರಡನೇ ಸಲಕ್ಕೇ ಸ್ಟಾರ್ಟ್ ಆಯಿತು. ಆದರೆ ಎಂಜಿನ್ ಬಿಸಿಯಾದ ಮೇಲೂ ಐಡಲ್, ಅಂದರೆ ಪೆಡಲ್ ಮುಟ್ಟದೆ ಬಿಟ್ಟಾಗ ಎಂಜಿನ್ ತಿರುಗುವ ವೇಗ, ಇಳಿಯಲೇ ಇಲ್ಲ. ಐಡಲ್ ಸ್ಪೀಡ್ ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೂ ಮೀಟರ್ ನಿಮಿಷಕ್ಕೆ 1,100 ಸುತ್ತಿನ ಹತ್ತಿರವೇ ನಿಂತಿತ್ತು. ಸದ್ದೂ ಒಂದೇ ಸಮ ಇರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಸಣ್ಣಗೆ ನಡುಗುತ್ತಿತ್ತು.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವುದು ಕಾರ್ಬುರೇಟರ್. ಈ ಕಾರಿನ ಎಂಜಿನ್ ಮೇಲೆ ಒಂದಲ್ಲ, ಮೂರು ಕಾರ್ಬುರೇಟರ್ ಸಾಲಾಗಿ ಕೂತಿವೆ. ಪಾಂಟಿಯಾಕ್ ಇದಕ್ಕೆ ಟ್ರೈ-ಪವರ್ ಅಂತ ಹೆಸರಿಟ್ಟು 1957ರಲ್ಲಿ ಶುರು ಮಾಡಿತು. ಒಂದೊಂದೂ ಎರಡು ಬಾಯಿಯ ರೋಚೆಸ್ಟರ್ ಕಾರ್ಬ್. ಕೆಳಗೆ 389 ಘನ ಇಂಚಿನ ವಿ8, ಅಂದರೆ ಸುಮಾರು 6.4 ಲೀಟರ್. ಕಂಪನಿ ಕೊಟ್ಟ ಲೆಕ್ಕದಲ್ಲಿ 360 ಅಶ್ವಶಕ್ತಿ. ಜಿಟಿಒಗೆ ಇದು ಸಿಕ್ಕಿದ್ದು 1966ರವರೆಗೆ ಮಾತ್ರ. 1967ರ ಮಾಡೆಲ್‌ಗಳಿಗೆ ಪಾಂಟಿಯಾಕ್‌ನ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಒಂದಕ್ಕಿಂತ ಜಾಸ್ತಿ ಕಾರ್ಬ್ ಬೇಡ ಅಂತ ತನ್ನ ವಿಭಾಗಗಳಿಗೆ ಹೇಳಿಬಿಟ್ಟಿತು. ಅದರ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನಂಥವಕ್ಕೆ ಮಾತ್ರ ವಿನಾಯಿತಿ. ಜಿಟಿಒಗೆ ನಾಲ್ಕು ಬಾಯಿಯ ಒಂದೇ ಕ್ವಾಡ್ರಾಜೆಟ್ ಬಂತು. ಅದೂ ಒಳ್ಳೆಯದೇ. ಆದರೂ ಬಾನೆಟ್ ಎತ್ತಿದಾಗ ಕಾಣುವ ಆ ಮೂರು ಪುಟ್ಟ ಏರ್ ಕ್ಲೀನರ್‌ಗಳ ಸಾಲಿಗೇ ನಾನು ಮನಸೋತಿದ್ದು.

ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸ್ಟಾರ್ಟ್ ಮಾಡುವಾಗ, ಐಡಲ್‌ನಲ್ಲಿ, ಊರೊಳಗೆ ಆರಾಮಾಗಿ ಓಡಿಸುವಾಗ ದುಡಿಯುವುದು ಮಧ್ಯದ್ದು ಒಂದೇ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲೆಂದು ಗಾಳಿ ಕಡಿಮೆ ಮಾಡುವ ಚೋಕ್ ಇರುವುದು ಅದಕ್ಕೆ. ಐಡಲ್ ಮಿಶ್ರಣದ ಸ್ಕ್ರೂಗಳೂ ಅದಕ್ಕೇ. ಮುಂದಿನದು, ಹಿಂದಿನದು ಸುಮ್ಮನೆ ಬಾಯಿ ಮುಚ್ಚಿಕೊಂಡು ಕಾಯುತ್ತಿರುತ್ತವೆ. ನನ್ನ ಕಾರಿನಲ್ಲಿ ಮೂರನ್ನೂ ಜೋಡಿಸುವ ಲಿಂಕೇಜ್ ಕಡ್ಡಿಗಳದ್ದು. ಮಧ್ಯದ್ದು ಅರ್ಧಕ್ಕಿಂತ ಚೆನ್ನಾಗಿ ಜಾಸ್ತಿ ತೆರೆದ ಮೇಲೆ ಕಡ್ಡಿಗಳು ಈ ಎರಡನ್ನೂ ಎಳೆಯುತ್ತವೆ. ಆಮೇಲೆ ಇವು ಬೇಗ ಬೇಗ ತೆರೆದುಕೊಂಡು, ಪೆಡಲ್ ಪೂರ್ತಿ ಒತ್ತುವ ಹೊತ್ತಿಗೆ ಮಧ್ಯದ್ದರ ಜೊತೆ ಸೇರಿಕೊಳ್ಳುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎರಡು ವಾರಾಂತ್ಯ ಕಳೆದದ್ದು ಮಧ್ಯದ ಕಾರ್ಬಿನ ಮೇಲೆ. ಮೊದಲು ಪ್ಲಗ್, ಪಾಯಿಂಟ್, ಟೈಮಿಂಗ್ ನೋಡಿಕೊಂಡಿದ್ದೆ. ಅದು ಸರಿಯಾದ ಕ್ರಮವೇ. ಕಿಡಿ ಕೊಡುವ ಇಗ್ನಿಷನ್ ಸರಿಯಿಲ್ಲದೆ ಕಾರ್ಬ್ ಮುಟ್ಟಬಾರದು. ಆಮೇಲೆ ಮಿಶ್ರಣದ ಸ್ಕ್ರೂ ಹಿಡಿದೆ. ಕಾಲು ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್‌ನ ಮುಳ್ಳು ಪಾದರಸದ ಲೆಕ್ಕದಲ್ಲಿ 13 ಇಂಚಿನ ಹತ್ತಿರ ಅಲುಗಾಡುತ್ತಲೇ ಇತ್ತು.

ದಾರಿ ತೋರಿಸಿದ್ದು ಪಕ್ಕದ ಮನೆಯ ಹಿರಿಯರು. ಕಾರು ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಬೇಲಿಯ ಆಚೆಯಿಂದ ಎಂಜಿನ್ ಸದ್ದು ಕೇಳಿಸಿಕೊಂಡೇ, "ಮಧ್ಯದ್ದನ್ನು ಬಿಡು, ಮಲಗಿರೋ ಎರಡು ನಿಜವಾಗಲೂ ಮಲಗಿದಾವಾ ನೋಡು" ಅಂದರು. ಆ ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಮೊದಲು ತಳದ ಗ್ಯಾಸ್ಕೆಟ್‌ಗಳು, ಅಂದರೆ ಸೋರದಂತೆ ಸಂದಿಗೆ ಹಾಕುವ ತೆಳು ಹಾಳೆಗಳು. ಒಂದು ಗಜದಷ್ಟು ರಬ್ಬರ್ ಪೈಪ್ ತೆಗೆದುಕೊಂಡೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಪ್ರತಿ ಕಾರ್ಬಿನ ಬುಡದ ಸುತ್ತ ನಿಧಾನಕ್ಕೆ ಓಡಿಸಿದೆ. ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ 'ಸುಯ್' ಅಂತ ಕೇಳಿಸುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ನೋಡುವವರೂ ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ನನಗೆ ಅದಕ್ಕೆ ಮನಸ್ಸು ಒಪ್ಪುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಅಂತೂ ಕೈಗೆ ಸಿಗುವಂತೆ ಇಟ್ಟುಕೊಂಡೇ ಕೆಲಸ ಮಾಡಬೇಕು. ಬುಡದಲ್ಲಿ ಏನೂ ಕೇಳಿಸಲಿಲ್ಲ.

ಆಮೇಲೆ ಮಗಳನ್ನು ಕರೆದೆ. ಅವಳಿಗೆ ಹನ್ನೊಂದು ವರ್ಷ. ಈ ಕಾರಿನ ವಿಷಯದಲ್ಲಿ ನನ್ನಷ್ಟೇ ಆಸೆ ಅವಳಿಗೂ. ಏರ್ ಕ್ಲೀನರ್‌ಗಳನ್ನೂ ಅವುಗಳನ್ನು ಹಿಡಿದಿಡುವ ಕಡ್ಡಿಗಳನ್ನೂ ಬಿಚ್ಚಿದೆ. ಒಂದು ದಪ್ಪ ಪೋಸ್ಟ್‌ಕಾರ್ಡ್ ತೆಗೆದುಕೊಂಡೆ. ಅಂಗೈ ಇಡಬಾರದು. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಕೈ ಸುಡುತ್ತದೆ.

"ಪುಟ್ಟಿ, ನೀನು ಮೀಟರ್ ಮುಳ್ಳು ನೋಡ್ತಾ ಇರು, ಬದಲಾದ್ರೆ ಹೇಳು" ಅಂದೆ.

ಮುಂದಿನ ಕಾರ್ಬಿನ ಬಾಯಿಯ ಮೇಲೆ ಕಾರ್ಡ್ ಇಟ್ಟೆ. ಏನೂ ಆಗಲಿಲ್ಲ. ಫ್ಯಾನ್ ಗಾಳಿಗೆ ಅಲ್ಲೇ ಪಟಪಟ ಅಂತು. ಹಿಂದಿನದರ ಮೇಲೆ ಇಡಲು ಹೋದೆ. ಇನ್ನೂ ಬೆರಳಗಲ ದೂರ ಇರುವಾಗಲೇ ಕಾರ್ಡ್ ನನ್ನ ಬೆರಳುಗಳಿಂದ ಜಾರಿ 'ಟಪ್' ಅಂತ ಬಾಯಿಗೆ ಅಂಟಿಕೊಂಡಿತು. ನಡುವೆ ಬಟ್ಟಲಿನ ಹಾಗೆ ತಗ್ಗಾಯಿತು. ಸದ್ದು ಒಮ್ಮೆಲೇ ಇಳಿಯಿತು.

"ಅಪ್ಪಾ, ಎಂಟುನೂರು! ಎಂಟುನೂರಕ್ಕೆ ಬಂತು!" ಅಂತ ಕೂಗಿದಳು.

ಅಲ್ಲಿಗೆ ಗೊತ್ತಾಯಿತು. ಪೂರ್ತಿ ಮುಚ್ಚಿರಬೇಕಾದ ಕಾರ್ಬ್ ಪೆಟ್ರೋಲ್ ಇಲ್ಲದೆ ಬರೀ ಗಾಳಿ ಒಳಗೆ ಬಿಡುತ್ತಿತ್ತು. ಹಾಗಾಗಿ ಐಡಲ್ ಏರಿತ್ತು, ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತಿತ್ತು. ಮಧ್ಯದ್ದನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗುವಂಥದ್ದಲ್ಲ.

ಹಿಂದಿನ ಕಾರ್ಬನ್ನು ಬಿಚ್ಚಿ, ಥ್ರಾಟಲ್, ಅಂದರೆ ಬಾಯಿಯೊಳಗೆ ತಿರುಗಿ ಗಾಳಿಗೆ ದಾರಿ ಬಿಡುವ ತಟ್ಟೆಗಳನ್ನು ಮುಚ್ಚಿ, ಬಲ್ಬಿಗೆ ಹಿಡಿದು ತಳದಿಂದ ನೋಡಿದೆವು. ಒಂದು ಬಾಯಿಯಲ್ಲಿ ಕೂದಲೆಳೆಯಂಥ ಬೆಳಕು ಸುತ್ತಲೂ ಒಂದೇ ಸಮ. ಇನ್ನೊಂದರಲ್ಲಿ ಒಂದು ಕಡೆ ಕತ್ತಲು, ಇನ್ನೊಂದು ಕಡೆ ಬಿದಿಗೆ ಚಂದ್ರನಷ್ಟು ಬೆಳಕಿನ ಗೆರೆ. ಚಳಿಗಾಲದಲ್ಲಿ ಮೂರನ್ನೂ ಬಿಚ್ಚಿ ತೊಳೆದು ಜೋಡಿಸಿದವನು ನಾನೇ. ಆ ತಟ್ಟೆಯ ಅಂಚು ಓರೆಯಾಗಿರುತ್ತದೆ. ಅದನ್ನು ನಾನು ತಿರುಗುಮುರುಗಾಗಿ ಹಾಕಿದ್ದೆ.

ತಟ್ಟೆಯನ್ನು ತಿರುಗಿಸಿ ಹಾಕಿ, ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟು, ಥ್ರಾಟಲ್ ಅನ್ನು ನಾಲ್ಕೈದು ಸಲ ಫಟ್ ಅಂತ ಮುಚ್ಚಿಸಿದೆ. ಹಾಗೆ ಮಾಡಿದರೆ ತಟ್ಟೆ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಮುಚ್ಚಿ ಹಿಡಿದುಕೊಂಡೇ ಬಿಗಿ ಮಾಡಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆ ಪುಟ್ಟ ಸ್ಕ್ರೂಗಳ ತುದಿಯನ್ನು ಕಂಪನಿಯವರು ಜಜ್ಜಿರುತ್ತಾರೆ, ಬಿಚ್ಚಿಕೊಳ್ಳಬಾರದು ಅಂತ. ಒಮ್ಮೆ ಬಿಚ್ಚಿದ ಮೇಲೆ ಹೊಸ ಸ್ಕ್ರೂ ಹಾಕಿ, ತುದಿಯನ್ನು ಮತ್ತೆ ಜಜ್ಜಲೇಬೇಕು. ಒಂದು ಸ್ಕ್ರೂ ಕಳಚಿದರೆ ಅದು ನೇರ ಸಿಲಿಂಡರ್ ಒಳಗೇ ಬೀಳುವುದು.

ಕಾರ್ಬ್ ಕೈಯಲ್ಲಿರುವಾಗಲೇ ಅದರ ಬೌಲ್‌ನಲ್ಲಿ, ಅಂದರೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಲ್ಲಿ, ತೇಲುವ ಫ್ಲೋಟ್ ಕೂಡ ನೋಡಿದೆ. ಹಿತ್ತಾಳೆಯದು, ಒಳಗೆ ಟೊಳ್ಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಸೇರಿದ್ದರೆ ಕುಲುಕುವುದು ಕೇಳಿಸುತ್ತದೆ. ಇನ್ನೂ ಅನುಮಾನ ಇದ್ದರೆ ಬಿಸಿನೀರಲ್ಲಿ ಮುಳುಗಿಸಿ. ಬಿರುಕಿದ್ದ ಕಡೆ ಗುಳ್ಳೆ ಬರುತ್ತದೆ. ನನ್ನದು ಚೆನ್ನಾಗಿತ್ತು.

ಮತ್ತೆ ಜೋಡಿಸಿದ ಮೇಲೆ ಉಳಿದದ್ದು ಅರ್ಧ ಗಂಟೆಯ ಕೆಲಸ. ಮಿಶ್ರಣದ ಸ್ಕ್ರೂಗಳನ್ನು ಮೆಲ್ಲಗೆ ತಳ ಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತಂದು, ಅಲ್ಲಿಂದ ಗೇಜ್ ನೋಡಿಕೊಂಡು ಹೊಂದಿಸಿದೆ. ಮುಳ್ಳು 16ಕ್ಕೆ ಬಂದು ಅಲುಗಾಡದೆ ನಿಂತಿತು. ಐಡಲ್ 800. ಎಂಜಿನ್ ನಿಲ್ಲಿಸಿ ಮಗಳನ್ನು ಸ್ಟೀರಿಂಗ್ ಹಿಂದೆ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿದೆ. ಮೇಲಿಂದ ಟಾರ್ಚ್ ಬಿಟ್ಟು ನೋಡಿದರೆ ಆರೂ ತಟ್ಟೆಗಳು ನೆಟ್ಟಗೆ ನಿಂತಿದ್ದವು. ಕಾಲು ತೆಗೆದಾಗ ಎಲ್ಲೂ ಸಿಕ್ಕಿಕೊಳ್ಳದೆ ಮುಚ್ಚಿದವು. ಇದನ್ನು ನೋಡದೆ ಕಾರನ್ನು ರಸ್ತೆಗೆ ತರಲೇಬಾರದು. ಥ್ರಾಟಲ್ ತೆರೆದೇ ಉಳಿದರೆ ಬ್ರೇಕ್ ಕೂಡ ಕೈಕೊಡಬಹುದು.

ಭಾನುವಾರ ಬೆಳಗ್ಗೆ, ರಸ್ತೆ ಖಾಲಿ ಇರುವಾಗ, ಇಬ್ಬರೂ ವುಡ್‌ವರ್ಡ್ ಅವೆನ್ಯೂಗೆ ಹೋದೆವು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗುವ ದಾರಿ ಅದು. ಆಗಸ್ಟ್‌ನ ಮೂರನೇ ಶನಿವಾರ ಇದೇ ರಸ್ತೆಯಲ್ಲಿ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಜಾತ್ರೆ. ಅಲ್ಲಿ ಗಂಟೆಗಟ್ಟಲೆ ತೆವಳಿಕೊಂಡೇ ಹೋಗಬೇಕು, ಅಂದರೆ ಬರೀ ಮಧ್ಯದ ಕಾರ್ಬಿನ ಮೇಲೆ. ಹಾಗೇ ಮೆಲ್ಲಗೆ ಓಡಿಸುತ್ತಿದ್ದರೆ ಪಕ್ಕದ ಎರಡರ ಬೌಲ್‌ನಲ್ಲಿ ಪೆಟ್ರೋಲ್ ಹಳಸಿ ಅಂಟಾಗುತ್ತದೆ, ಬೌಲ್‌ಗೆ ಪೆಟ್ರೋಲ್ ಬಿಡುವ ಸೂಜಿ ಹಿಡಿದುಕೊಳ್ಳುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಅವಕ್ಕೆ ಕೆಲಸ ಕೊಡಬೇಕು. ಹೈವೇ ಹತ್ತುವ ದಾರಿಯಲ್ಲಿ ಎರಡನೇ ಗೇರ್‌ನಲ್ಲಿ ಪೆಡಲ್ ಒತ್ತಿದೆ. ಮೊದಲು ಮಾಮೂಲಿ ಸದ್ದು. ಕಾಲಿಗೆ ಸ್ವಲ್ಪ ಬಿಗಿ ಸಿಕ್ಕಿತು. ಅದನ್ನು ದಾಟಿದ ಕೂಡಲೇ ಬಾನೆಟ್ ಕೆಳಗಿಂದ ಗಾಳಿ ಎಳೆಯುವ ಗಂಭೀರ ಸದ್ದು ಬಂತು, ಬೆನ್ನು ಸೀಟಿಗೆ ಒತ್ತಿತು.

"ಈಗ ಎದ್ವು, ಅಲ್ವಾಪ್ಪಾ?" ಅಂದಳು ಮಗಳು.

ಮನೆಗೆ ಬಂದು ನೋಡಿದರೆ ಮುಂದಿನ ಕಾರ್ಬಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ ಹತ್ತಿರ ಬೆರಳಿಗೆ ಸ್ವಲ್ಪ ಒದ್ದೆ ಹತ್ತಿತು. ಹೊಸ ಗ್ಯಾಸ್ಕೆಟ್ ತರಿಸಿದ್ದೇನೆ. ಅದು ಬದಲಾಗುವವರೆಗೆ ಕಾರು ಗ್ಯಾರೇಜಿನಲ್ಲೇ.